ಕಾರೆನವ್ವನ ಕಡಲಹುಲ್ಲಿನ ಮನೆ

ಹಡಗುಕಟ್ಟೆ

ಪರದೇಶ ಕಂಡು ಬಂದ ಹೆಂಗಸನ್ನು ನಮ್ಮ ಸವಣೂರು ಸೀಮೆಯಲ್ಲಿ ಕೇಳುವ ಪ್ರಶ್ನೆ ಒಂದೇ: “ಅಲ್ಲೆ ಉಣ್ಣಾಕ ಏನ್ ಮಾಡಿದ್ರಿ?” ಮೊದಲು ಅದನ್ನೇ ಹೇಳಿ ಮುಗಿಸುತ್ತೇನೆ. ಬಟಾಟೆ ಉಂಡೆವು. ಬೇಯಿಸಿದ ಬಟಾಟೆ, ಹುರಿದ ಬಟಾಟೆ, ಹಾಲಿನಲ್ಲಿ ಕಲಸಿದ ಬಟಾಟೆ. ನಮ್ಮೂರು ಹತ್ತಿಮತ್ತೂರಿನಿಂದ ಹೊತ್ತೊಯ್ದ ಶೇಂಗಾ ಚಟ್ನಿಯ ಡಬ್ಬಿಯನ್ನು ನಮ್ಮವರು ಹಡಗು ಏಡನ್ ಮುಟ್ಟುವ ಮೊದಲೇ ಬಳಿದು ನೆಕ್ಕಿದ್ದರು. ಆಮೇಲೆ ಇಡೀ ಪ್ರವಾಸದಲ್ಲಿ ಖಾರವೆಂದರೆ ನನ್ನ ನಾಲಿಗೆಯೊಂದೇ.

ನಾವು ಹೋದದ್ದು ಡೆನ್ಮಾರ್ಕಿಗೆ. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ನಮ್ಮವರು ಊರಿನಲ್ಲಿ ರೈತರ ಸೊಸಾಯಟಿ ಕಟ್ಟಿದವರು. ಆ ದೇಶದ ಒಕ್ಕಲಿಗರು ಒಂದಾಗಿ ಹಾಲು ಮಾರುವ ಪದ್ಧತಿಯನ್ನು ಕಣ್ಣಾರೆ ನೋಡಬೇಕೆಂಬ ಹುಚ್ಚು ಅವರಿಗೆ. ನನ್ನನ್ನು ಕರೆದೊಯ್ದದ್ದು ಪ್ರೀತಿಯಿಂದ ಎಂದು ಅವರು ಹೇಳುತ್ತಾರೆ. ರೊಟ್ಟಿ ಬಡಿಯಲಿಕ್ಕೆ ಎಂದು ನಾನು ಹೇಳುತ್ತೇನೆ. ಜೋಳದ ಹಿಟ್ಟೇ ಸಿಗದ ದೇಶದಲ್ಲಿ ಆ ಜಗಳಕ್ಕೂ ಅರ್ಥವಿರಲಿಲ್ಲ.

ಹಾಲಿನ ಡೇರಿಗಳನ್ನು ನೋಡಿ ಮುಗಿಸಿದ ಮೇಲೆ, ಒಂದು ಸಭೆಯಲ್ಲಿ ಪರಿಚಯವಾಗಿದ್ದ ಶಾಲಾ ಮಾಸ್ತರನೊಬ್ಬ ತನ್ನ ದ್ವೀಪಕ್ಕೆ ಬರಬೇಕೆಂದು ಕರೆದ. ದ್ವೀಪದ ಹೆಸರು ಲೇಸೊ. “ಹೆಸರಿನ್ಯಾಗ ಲೇಸು ಐತಿ, ಹೋಗಿಬರೂಣು” ಎಂದರು ನಮ್ಮವರು. ಆ ಲೇಸು ಹಡಗುಕಟ್ಟೆಯಲ್ಲೇ ತಿಳಿಯಿತು. ಧೋತರದ ಚುಂಗನ್ನು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ರುಮಾಲು ಒತ್ತಿಕೊಂಡು ಇಳಿಯುತ್ತಿದ್ದವರು ಯಾವುದೋ ಕರೀ ಲಾಡಿಯಂಥ ವಸ್ತುವಿನ ಮೇಲೆ ಕಾಲಿಟ್ಟು, ಜಾರಿ, ಧಡಮ್ಮನೆ ಕೂತುಬಿಟ್ಟರು.

ದಂಡೆಯ ಮೇಲೆ ಒಬ್ಬ ಮುದುಕಿ ನಿಂತಿದ್ದಳು. ಬಿರುಸು ಮುಖ, ತಲೆಗೆ ಕಪ್ಪು ವಸ್ತ್ರ, ಕಂಕುಳಲ್ಲಿ ಬುಟ್ಟಿ. ಓಡಿ ಬಂದಳು. ಬಂದವಳು ಮೊದಲು ನಮ್ಮವರ ಕಾಲಡಿಯ ಆ ಕರೀ ಲಾಡಿಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕಿಕೊಂಡಳು. ಆಮೇಲೆ ಅವರ ರಟ್ಟೆ ಹಿಡಿದು ಎಬ್ಬಿಸಿದಳು. ನನಗೆ ಮೈಯೆಲ್ಲ ಉರಿಯಿತು. “ಮನಷ್ಯಾ ಬಿದ್ದಾನ, ಈಕಿ ಕಸಾ ಆರಿಸಾಕತ್ತಾಳಲ್ಲ!” ಎಂದೆ. ಅದು ಕಸವಲ್ಲ ಎಂದು ತಿಳಿಯಲು ನನಗೆ ದಿನಗಳು ಬೇಕಾದವು.

ಕಾರೆನವ್ವನ ಮನೆ

ನಮ್ಮವರ ಕಾಲಿನ ಎಲುಬು ಬಿರುಕು ಬಿಟ್ಟಿತ್ತು. ಹಡಗು ಹತ್ತುವ ಮಾತೇ ಇಲ್ಲ ಎಂದ ವೈದ್ಯ. ಎರಡು ದಿನಕ್ಕೆಂದು ಹೋದವರು ಇಡೀ ಬೇಸಿಗೆ ಅಲ್ಲೇ ಕೂರಬೇಕಾಯಿತು. ಮಾಸ್ತರನ ಮನೆ ಇಕ್ಕಟ್ಟು. ನಮ್ಮನ್ನು ತನ್ನ ಮನೆಯಲ್ಲಿ ಇಳಿಸಿಕೊಂಡವಳು ಅದೇ ಮುದುಕಿ, ಕಾರೆನ್. ನಾನು ಅವಳನ್ನು ಕಾರೆನವ್ವ ಎಂದೆ. ಅವಳೂ ಅದಕ್ಕೆ ಓಗೊಡಲು ಕಲಿತಳು.

ಭಾಷೆಯ ವಿಚಾರ ಹೇಳಿಬಿಡಬೇಕು. ಕಾರೆನವ್ವ ತನ್ನ ಭಾಷೆಯಲ್ಲಿ ಆಡಿದ್ದನ್ನು ಮಾಸ್ತರ ಇಂಗ್ಲಿಷಿನಲ್ಲಿ ನಮ್ಮವರಿಗೆ ಹೇಳುತ್ತಿದ್ದ. ನಮ್ಮವರು ನನಗೆ ಹೇಳುತ್ತಿದ್ದರು. ನನ್ನ ಕಿವಿಗೆ ಬೀಳುವಾಗ ಅದು ಅಪ್ಪಟ ಹತ್ತಿಮತ್ತೂರಿನ ಮಾತೇ ಆಗಿರುತ್ತಿತ್ತು. ಆ ಊರಿನವರು ಹಾಗೆಯೇ ಮಾತಾಡುತ್ತಾರೆಂದು ನನಗೆ ಇವತ್ತಿಗೂ ಅನ್ನಿಸುವುದರಿಂದ ಹಾಗೆಯೇ ಬರೆಯುತ್ತೇನೆ.

ಆ ಮನೆಯನ್ನು ಮೊದಲ ಸಲ ನೋಡಿದಾಗ ನಗು ಬಂತು. ಗೋಡೆ ಸಣ್ಣದು, ಮಾಡು ದೊಡ್ಡದು. ಆಳೆತ್ತರ ದಪ್ಪದ ಬೂದುಬಣ್ಣದ ಹುಲ್ಲಿನ ರಾಶಿ ಕಿಟಕಿಗಳ ಮೇಲೆ ಇಳಿಬಿದ್ದಿತ್ತು. ಈ ಹುಲ್ಲು ಹೊಲದ್ದಲ್ಲ, ಕಡಲಿನದು. ಕಡಲೊಳಗೆ ಬೆಳೆದು, ಬಿರುಗಾಳಿಗೆ ಕಿತ್ತು ದಂಡೆಗೆ ಬಂದು ಬೀಳುತ್ತದೆ. ಅದನ್ನು ಹೊಲದಲ್ಲಿ ಹರವಿ, ಮಳೆಗೆ ಉಪ್ಪು ತೊಳೆದು, ಬಿಸಿಲಿಗೆ ಒಣಗಿಸಿ, ಹೊಸೆದು ಮಾಡಿಗೆ ಹೊದಿಸುತ್ತಾರೆ. ಬೆಂಕಿ ಹತ್ತುವುದಿಲ್ಲ, ಹುಳು ತಿನ್ನುವುದಿಲ್ಲ, ಹೊದಿಸಿದವರ ಮರಿಮಕ್ಕಳೂ ಅದರಡಿ ಬದುಕುತ್ತಾರೆ.

ಹೊದಿಸುವವರು ಹೆಂಗಸರು. ಇದು ನನಗೆ ಬಹಳ ಹಿಡಿಸಿತು. ಗಂಡಸರು ಕಡಲಿಗೆ ಹೋಗುತ್ತಾರೆ. ಮನೆಯ ತಲೆ ಕಾಯುವುದು ಹೆಂಗಸರ ಕೆಲಸ. ಊರಿನ ಹೆಂಗಸರೆಲ್ಲ ಕೂಡಿ ಒಂದು ದಿನ ಒಂದು ಮನೆ ಹೊದಿಸುತ್ತಾರೆ, ಮುಂದೆ ಇನ್ನೊಂದು ಮನೆ. “ಅಯ್ಯ, ಇದು ನಮ್ಮ ಮುಯ್ಯಾಳು ಅಲ್ಲೇನ್ರಿ!” ಎಂದೆ. ನಮ್ಮ ಊರಲ್ಲೂ ಮಳೆಗಾಲ ಕಾಲಿಡುವ ಮೊದಲು ಮಣ್ಣಿನ ಮಾಳಿಗೆಗೆ ಕರಲು ಮಣ್ಣು ಹಾಕಬೇಕು. ಒಬ್ಬರ ಮನೆಗೆ ಊರೆಲ್ಲ ಬರುತ್ತದೆ, ಮರುದಿನ ಆ ಮನೆಯವರು ಮತ್ತೊಬ್ಬರ ಮನೆಗೆ ಹೋಗುತ್ತಾರೆ. ಬರುವವರು ಬರಿಗೈಯಲ್ಲಿ ಬರುವುದಿಲ್ಲ. ದಾರಿಯಲ್ಲಿ ಒಂದೊಂದು ಬುಟ್ಟಿ ಮಣ್ಣು ಹೊತ್ತೇ ಬರುತ್ತಾರೆ.

ಕಾರೆನವ್ವ ಊರಿನ ಎಲ್ಲ ಮಾಡುಗಳಿಗೂ ಕೈ ಹಚ್ಚಿದವಳು. ಸೂರಿನ ಅಂಚಿನ ದಪ್ಪ ಹುರಿ ಹೊಸೆಯುವುದಕ್ಕೆ ಅವಳೇ ಬೇಕು. ಅಂಥವಳ ಮನೆಯೇ ಈಗ ಸೋರುತ್ತಿತ್ತು. ಮನೆಯ ನಡುವೆ ಒಂದು ಬಾಗಿಲು. ಮೂಡಣ ಭಾಗದಲ್ಲಿ ಅಡುಗೆಯ ಒಲೆ, ಮಲಗುವ ಜಾಗ. ಪಡುವಣ ಭಾಗದಲ್ಲಿ ಕಡಲಿನ ಕಡೆ ಕಿಟಕಿಯಿದ್ದ ದೊಡ್ಡ ಪಡಸಾಲೆ. ಸೋರುತ್ತಿದ್ದದ್ದು ಮೂಡಣ ಭಾಗ, ಅಲ್ಲಿನ ಹುಲ್ಲು ಮುತ್ತಜ್ಜಿಯ ಕಾಲದ್ದು. ಅಲ್ಲಲ್ಲಿ ಬೋಗುಣಿ ಇಟ್ಟಿದ್ದಳು. ಚಳಿಗಾಲ ಬಂದು ಹಿಮ ಬಿದ್ದರೆ ತೊಲೆ ಕೊಳೆಯುತ್ತದೆ, ಮನೆ ನಿಲ್ಲುವುದಿಲ್ಲ.

“ಮತ್ತ ಯಾಕ ಮಂದೀನ ಕರದಿಲ್ಲ?” ಎಂದು ಕೇಳಿದೆ.

“ಹುಲ್ಲ ಎಲ್ಲೈತಿ?” ಎಂದಳು. “ಕಡಲನ್ಯಾಗ ಹುಲ್ಲ ಸತ್ತೈತಿ ನನ್ನವ್ವ. ದಂಡಿಗೆ ಬರಾಂಗಿಲ್ಲ. ನಿನ್ನ ಗಂಡನ ಕಾಲಾಗ ಸಿಕ್ಕಿದ್ದ ನಾಕ ಎಳಿ, ಅದ ಈ ವರ್ಷದ ಬೆಳಿ.”

ನನಗೆ ನಾಚಿಕೆಯಾಯಿತು. ಅವತ್ತು ಆಡಿದ ಮಾತು ಅವಳಿಗೆ ತಿಳಿದಿರಲಿಲ್ಲ, ಪುಣ್ಯ.

ಹಳ್ಳದ ಬಾಯಿ

ಮಾಸ್ತರನಿಗೆ ಕಡಲಿನ ಹುಳುಹುಪ್ಪಟೆಯ ಖಯಾಲಿ. ತಳಕ್ಕೆ ಗಾಜು ಕೂಡಿಸಿದ ಒಂದು ಬಕೀಟು ಇಟ್ಟಿದ್ದ. ಅದನ್ನು ನೀರಿನ ಮೇಲೆ ಒತ್ತಿ ಹಿಡಿದು ಒಳಗೆ ಮುಖ ಹಾಕಿದರೆ ಕಡಲ ತಳ ನಿಚ್ಚಳವಾಗಿ ಕಾಣುತ್ತದೆ. ಒಂದು ಮುಂಜಾನೆ ನನ್ನ ಲಿಂಗಪೂಜೆ ಮುಗಿಯುವುದನ್ನೇ ಕಾದಿದ್ದು, ನಮ್ಮಿಬ್ಬರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಹೋದ. ಕಾಲಿಗೆ ಪಟ್ಟಿ ಕಟ್ಟಿದ ನಮ್ಮವರು ದೋಣಿಯ ನಡುವೆ ಮೂಟೆಯಂತೆ ಕೂತಿದ್ದರು.

ಮೊದಲು ಕೊಲ್ಲಿಯ ನಡುವೆ ತೋರಿಸಿದ. ಬರೀ ಮರಳು. ಅಲ್ಲೊಂದು ಇಲ್ಲೊಂದು ಸತ್ತ ಬೇರು. “ಇಲ್ಲೆಲ್ಲ ಹುಲ್ಲುಗಾವಲಿತ್ತು” ಎಂದ. ಒಂದು ವರ್ಷ ಎಲೆಗಳ ಮೇಲೆ ಕಂದು ಕಲೆ ಕಂಡಿತಂತೆ. ಕಲೆ ಕಪ್ಪಾಯಿತು, ಎಲೆ ಉದುರಿತು, ಕಡಲೇ ಬೋಳಾಯಿತು. ಯಾಕೆಂದು ಯಾರಿಗೂ ಗೊತ್ತಿಲ್ಲ. ಹುಲ್ಲು ತಿನ್ನಲು ಬರುತ್ತಿದ್ದ ಬಾತುಗಳು ಬಂದು, ಸುತ್ತು ಹಾಕಿ, ಹಸಿದು ಹೋದವು. ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮರಳು ಕಾಲು ಬಂದಂತೆ ಹರಿದಾಡತೊಡಗಿತು. ಮೀನಿನ ಮರಿಗಳಿಗೆ ಅಡಗಲು ಜಾಗವಿಲ್ಲ, ಹಾಗಾಗಿ ದೊಡ್ಡ ಮೀನೂ ಇಲ್ಲ. ಕಾರೆನವ್ವನ ಮಗ ನೀಲ್ಸ್ ಹಾವುಮೀನು ಹಿಡಿಯುವವನು. ಅವನು ನೀರಿಗೆ ಇಳಿಬಿಟ್ಟ ಬುಟ್ಟಿ ದಿನವೂ ಖಾಲಿ ಮೇಲೆ ಬರುತ್ತಿತ್ತು. ಮನೆಗೆ ಬಂದರೆ ಬಾಗಿಲನ್ನು ಜೋರಾಗಿ ಹಾಕುತ್ತಿದ್ದ.

ಆಮೇಲೆ ಒಂದು ಹಳ್ಳ ಬಂದು ಕಡಲು ಸೇರುವ ಮೂಲೆಗೆ ದೋಣಿ ತಿರುಗಿಸಿದ. ಅಲ್ಲಿನ ನೀರಿಗೆ ಉಪ್ಪು ಕಡಿಮೆ. ಅಲ್ಲಿ ಮಾತ್ರ ರೋಗ ಹತ್ತಿರಲಿಲ್ಲ. ಬಕೀಟಿನಲ್ಲಿ ಮುಖ ಹಾಕಿದೆ.

ಯವ್ವಾ! ಹಸಿರೆಂದರೆ ಹಸಿರು. ಉದ್ದ ಉದ್ದ ಎಲೆಗಳು, ಗಾಳಿ ಬಂದಾಗ ಜೋಳದ ಹೊಲ ಬಾಗುವ ಹಾಗೆ ಎಲ್ಲವೂ ಒಂದೇ ಕಡೆ ಬಾಗಿ, ಎದ್ದು, ಮತ್ತೆ ಬಾಗುತ್ತಿದ್ದವು. ನಾನು ಮಾಸೂರಿನ ಮಗಳು, ಮದಗದ ಕೆರೆಯ ದಂಡೆಯಲ್ಲಿ ಬೆಳೆದವಳು. ನೀರೊಳಗಿನ ಹುಲ್ಲೆಂದರೆ ನಮಗೆ ಕಳೆ. ಕಂಡರೆ ಕಿತ್ತು ದಂಡೆಗೆ ಎಸೆಯುವುದೇ ರೂಢಿ. ಅದರೊಳಗೆ ಇಂಥ ಸಂಸಾರ ಇರುತ್ತದೆಂದು ಯಾರು ಕಂಡಿದ್ದರು? ಕಾಳಿನಷ್ಟು ಸಣ್ಣ ಬಸವನಹುಳುಗಳು ಎಲೆಯ ಮೇಲಿನ ಪಾಚಿಯನ್ನು ನೆಕ್ಕುತ್ತ ಏರುತ್ತಿದ್ದವು. ಮೈಯೊಳಗಿನ ಕರುಳೂ ಕಾಣುವ ಗಾಜಿನಂಥ ಸಿಗಡಿಗಳು. ಬೆನ್ನಿಗೆ ಮುಳ್ಳಿದ್ದ ಒಂದು ಪುಟ್ಟ ಮೀನು ಕಸಕಡ್ಡಿ ಕೂಡಿಸಿ ಗೂಡು ಕಟ್ಟಿ, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತಿತ್ತು. ಮೀನು ತಿನ್ನದವಳು ನಾನು. ನೋಡುವುದಕ್ಕೆ ಏನು ಅಡ್ಡಿ?

ಒಂದು ಎಲೆ ಮಾತ್ರ ಉಳಿದವುಗಳ ಜೊತೆ ಬಾಗಲು ಸ್ವಲ್ಪ ತಡಮಾಡಿತು. ದಿಟ್ಟಿಸಿ ನೋಡಿದರೆ ಅದಕ್ಕೆ ಕಣ್ಣು! ಎಲೆಯಂತೆ ನೆಟ್ಟಗೆ ನಿಂತ ಕಡ್ಡಿಮೀನು. ಮಾಸ್ತರ ಅದನ್ನು ನೋಡಿ ನಮ್ಮವರ ಕಿವಿಯಲ್ಲಿ ಏನೋ ಹೇಳಿದ. ನಮ್ಮವರು ಕೆಂಪಾದರು.

“ಏನಂದ ಅಂವಾ, ಹೇಳ್ರಿ.”

“ಏನಿಲ್ಲ ಬಿಡು.”

“ಹೇಳ್ತೀರೋ ದೋಣಿ ಅಲುಗಾಡಸ್ಲೋ?”

“ಅದು ಗಂಡಂತ. ಅದಕ್ಕ ಬಸರು ಐತಂತ. ಹೆಣ್ಣು ತತ್ತಿ ಕೊಟ್ಟು ಹೋಗತೈತಂತ, ಹೊಟ್ಯಾಗ ಇಟಗೊಂಡು ಮರಿ ಮಾಡೂದೆಲ್ಲ ಗಂಡ ಅಂತ.”

ನಾನು ನಕ್ಕ ನಗೆಗೆ ದೋಣಿ ನಿಜವಾಗಿಯೂ ಅಲುಗಿತು. “ನೋಡ್ರಿ, ಶಿವಾ ಎಲ್ಲೋ ಒಂದ ಕಡೆ ನ್ಯಾಯ ಮಾಡ್ಯಾನ” ಎಂದೆ. ದಂಡೆ ಮುಟ್ಟುವವರೆಗೆ ನಮ್ಮವರು ರುಮಾಲು ಬಿಚ್ಚಿ ಕಟ್ಟುತ್ತಲೇ ಇದ್ದರು.

ಕರೆ ಹೋದ ದಿನ

ಪಟ್ಟಿ ಬಿಚ್ಚಿದ ಮೇಲೆ ದಿನವೂ ಕೋಲು ಹಿಡಿದು ನಡೆಯಬೇಕೆಂದು ವೈದ್ಯ ಹೇಳಿದ್ದ. ನಮ್ಮವರು ಸುಮ್ಮನೆ ನಡೆಯುವ ಜಾತಿಯವರಲ್ಲ. ಎಲ್ಲಿ ಹೋದರೂ ಊರ ಉಸಾಬರಿ ಬೇಕು. ಇಂಥ ಹೆಂಗಸಿನ ಮನೆ ಸೋರುತ್ತಿದೆ, ಊರವರನ್ನು ಕರೆಯುವವರಿಲ್ಲ. ಅವಳಿಗೆ ಸಂಕೋಚ, ಹಾಗಾದರೆ ನಾನೇ ಕರೆಯುತ್ತೇನೆ ಎಂದುಕೊಂಡರು. ನಮ್ಮಲ್ಲಿ ಮುಯ್ಯಾಳು ಕರೆಯಲು ಮನೆಯವರೇ ಹೋಗಬೇಕೆಂದಿಲ್ಲ, ಬಂದ ಬೀಗರು ಹೋದರೂ ನಡೆಯುತ್ತದೆ. ಮನೆಯಲ್ಲಿ ಉಳಿದ ಹುಲ್ಲಿನಲ್ಲಿ ಒಂದೊಂದು ಬುಟ್ಟಿಯನ್ನು ಬಂದವರೇ ತರುತ್ತಾರೆ ಎಂಬುದು ಇವರ ಲೆಕ್ಕ.

ಮಾತು ಬರುವುದಿಲ್ಲವಲ್ಲ? ಅದಕ್ಕೆ ಬಾಗಿಲ ಬಳಿ ಮೊಳೆಗೆ ತೂಗಿದ್ದ ಒಣಹುಲ್ಲಿನ ಒಂದು ಹುರಿಯನ್ನು ಕೈಯಲ್ಲಿ ಹಿಡಿದು ಹೊರಟರು. ಪ್ರತಿ ಮನೆಯ ಮುಂದೆ ನಿಂತು, ಹುಲ್ಲು ತೋರಿಸಿ, ಕಾರೆನವ್ವನ ಮನೆಯತ್ತ ಕೋಲು ಚಾಚಿ, ತಲೆಯ ಮೇಲೆ ಎರಡೂ ಕೈ ಮಾಡಿನಂತೆ ಇಟ್ಟು, ಸುಗ್ಗಿ ಮುಗಿದ ಮೇಲಿನ ರವಿವಾರ ಎಂದು ಕಲಿತ ಎರಡು ಮಾತಿನಲ್ಲಿ ಹೇಳಿದರು. ಎಲ್ಲ ಮನೆಯವರೂ ಕೈಕುಲುಕಿ, ಕಾಫಿ ಕುಡಿಸಿ ಕಳಿಸಿದರು. ಸಂಜೆ ಗೆದ್ದ ಪೈಲವಾನನ ಹಾಗೆ ಬಂದು ಕೂತರು.

ಹಿಂದೆಯೇ ಮಾಸ್ತರ ಓಡಿ ಬಂದ. ಅವನಿಂದಲೇ ಸಂಗತಿ ತಿಳಿದದ್ದು. ಆ ಊರಿನಲ್ಲಿ ಹುಲ್ಲು ಕೂಡಿಸುವುದು ಕರೆಯುವ ಮನೆಯವರ ಕೆಲಸ. ಹುಲ್ಲು ಒಣಗಿ ಸಿದ್ಧವಾಯಿತು ಎಂದಾಗ ಮಾತ್ರ ಆ ಮನೆಯ ಹೆಂಗಸು ಒಂದು ಹುರಿ ಹಿಡಿದು ಮನೆಮನೆಗೆ ಹೋಗುತ್ತಾಳೆ. ಹುರಿ ಕಂಡರೆ ಕರೆ ಬಂದಂತೆ. ಬಂದ ಕರೆಯನ್ನು ಯಾರೂ ಒಲ್ಲೆ ಅನ್ನುವಂತಿಲ್ಲ. ಕೊಟ್ಟ ಕರೆಯನ್ನು ಹಿಂದೆ ತೆಗೆದುಕೊಳ್ಳುವಂತೆಯೂ ಇಲ್ಲ. ಕಾರೆನಳಿಗೆ ಎಲ್ಲಿಂದಲೋ ಹುಲ್ಲು ಸಿಕ್ಕಿತೆಂದು ಊರೆಲ್ಲ ಸಂತೋಷಪಡುತ್ತಿತ್ತು.

ನಾನು ನಮ್ಮವರನ್ನು ಆಡದ ಮಾತಿಲ್ಲ. “ಕಾಲ ಮುರಕೊಂಡ್ರ ಬಾಯಿ ಸುಮ್ನಿರತೈತಿ ಅಂದ್ಕೊಂಡಿದ್ದೆ. ಬಾಯಿ ಇಲ್ಲದ ಊರಾಗೂ ಉಸಾಬರಿ ಮಾಡಿದ್ರಿ!” ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಕಾರೆನವ್ವ ಬೈಯಲಿಲ್ಲ. ಆ ಹುರಿಯನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಮೊಳೆಗೆ ತೂಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ಕುಡುಗೋಲು ಮತ್ತು ಬಕೀಟು

ಮರುದಿನ ಬೆಳಿಗ್ಗೆ ನೀಲ್ಸನ ದೋಣಿ ಕಟ್ಟೆಯಲ್ಲಿರಲಿಲ್ಲ. ಗೋಡೆಗೆ ಒರಗಿಸಿದ್ದ ಉದ್ದ ಕುಡುಗೋಲೂ ಇರಲಿಲ್ಲ. ಕಾರೆನವ್ವ ಹುಲ್ಲು ಉಳಿದಿದ್ದ ಹಳ್ಳದ ಬಾಯಿಯ ಕಡೆ ನಡೆದಳು. ನಾನು ಹಿಂದೆಯೇ ಓಡಿದೆ. ದಾರಿಯಲ್ಲಿ ಮಾಸ್ತರನೂ ಬಕೀಟು ಹಿಡಿದು ಕೂಡಿಕೊಂಡ. ನಮ್ಮವರು ಕೋಲೂರುತ್ತ ಏದುಸಿರು ಬಿಡುತ್ತ ಬಂದರು.

ನೀಲ್ಸ್ ಸೊಂಟದ ನೀರಿನಲ್ಲಿ ನಿಂತಿದ್ದ. ಒಂದು ಸಾಲು ಆಗಲೇ ಕೊಯ್ದಿದ್ದ. ಹಸಿರು ಎಲೆಗಳು ಅವನ ಸುತ್ತ ತೇಲುತ್ತಿದ್ದವು.

“ಈಗ ಕೊಯ್ದು ಹರವಿದ್ರ ಸುಗ್ಗಿ ಹೊತ್ತಿಗೆ ಒಣಗತೈತಿ” ಎಂದು ಕೂಗಿದ. “ಊರ ಹೆಂಗಸರು ಬಂದು ನಿಂತಾಗ ನಮ್ಮವ್ವ ಬರೀ ಕೈ ತೋರಸಬೇಕೇನು?”

ಮಾಸ್ತರ ದಂಡೆಯಿಂದ ಹೇಳಿದ: “ಉಳದಿದ್ದ ಇದೊಂದ ತುಂಡು, ನೀಲ್ಸ್. ಕಡಲನ್ಯಾಗ ಮತ್ತ ಹುಲ್ಲ ಬರೂದಿದ್ರ ಇದರ ಬೀಜದಿಂದನ ಬರಬೇಕು.”

“ನಿಮ್ಮ ಮನಿಗೆ ಹಂಚು ಐತಿ, ಮಾಸ್ತರ. ಸೋರಾಂಗಿಲ್ಲ. ನೀವು ಮಾತಾಡಬ್ಯಾಡ್ರಿ.”

ಮಾಸ್ತರ ಬಕೀಟನ್ನು ಎದೆಗೆ ಒತ್ತಿಕೊಂಡ. ನೀಲ್ಸ್ ಹೇಳಿದ್ದು ಸುಳ್ಳಲ್ಲ. ನಮ್ಮ ಊರಿನಲ್ಲಿ ಎಂಥ ಹಸಿವಿದ್ದರೂ ಬಿತ್ತುವ ಜೋಳ ತುಂಬಿಟ್ಟ ಹಗೇವಿಗೆ ಕೈ ಹಾಕಬಾರದೆನ್ನುತ್ತಾರೆ. ಹೇಳುವುದು ಸುಲಭ. ಹಸಿದವರು ಮುಂದೆ ನಿಂತಾಗ ಆ ಮಾತು ಬಾಯಿಗೆ ಬರುವುದಿಲ್ಲ. ಒಂದು ಕಡೆ ಕಾರೆನವ್ವನ ಮನೆ, ಇನ್ನೊಂದು ಕಡೆ ಆ ಹಸಿರು.

ಕಾರೆನವ್ವ ಮಾಸ್ತರನ ಕೈಯಿಂದ ಬಕೀಟು ಕಸಿದುಕೊಂಡಳು. ಲಂಗ ಎತ್ತಿ ಕಟ್ಟಿ ನೀರಿಗಿಳಿದಳು. ಆಗ ನನಗೆ ಹೊಳೆಯಿತು: ಜೀವಮಾನವೆಲ್ಲ ಈ ಹುಲ್ಲನ್ನು ಹೊಸೆದವಳು ದಂಡೆಗೆ ಬಂದು ಬಿದ್ದ ಸತ್ತ ಹುಲ್ಲನ್ನು ಮಾತ್ರ ಕಂಡಿದ್ದಳು. ಅದು ನೀರಿನಡಿ ನಿಂತು ಬಾಳುವುದನ್ನು ಎಂದೂ ಕಂಡಿರಲಿಲ್ಲ. ಕಡಲಿಗೆ ಹೋಗುವುದು ಗಂಡಸರ ಕೆಲಸವಾಗಿತ್ತಲ್ಲ.

ಬಕೀಟಿನಲ್ಲಿ ಮುಖ ಹಾಕಿ ಬಹಳ ಹೊತ್ತು ನಿಂತಳು. ಒಮ್ಮೆ “ಓ!” ಎಂದಳು, ಹುಡುಗಿಯ ಹಾಗೆ. ಕೈ ನೀರಿಗೆ ಬಿಟ್ಟು ಏನನ್ನೋ ಮುಟ್ಟಲು ಹೋಗಿ ಹಿಂದೆ ತೆಗೆದಳು. ತಲೆ ಎತ್ತಿದಾಗ ಮುಖವೆಲ್ಲ ಒದ್ದೆ. ಕಡಲ ನೀರೋ ಕಣ್ಣ ನೀರೋ ಅವಳಿಗೇ ಗೊತ್ತು.

“ನೀಲ್ಸ್, ಇದರಾಗ ಮಂದಿ ಅದಾರಲ್ಲೋ” ಎಂದಳು. “ಕೂಸು ಕುನ್ನಿ ಕಟಗೊಂಡು ಬಾಳೇ ಮಾಡಾಕತ್ತಾರಲ್ಲೋ. ಇವರ ಮನೀ ಕಿತ್ತು ನನ್ನ ಮನೀ ಹೊದಿಸ್ಲೇನು?”

“ಮತ್ತ ನಮ್ಮ ಮನೀ?”

“ನಮ್ಮ ಮನೀ ನನ್ನ ಕೆಲಸ. ಕುಡಗೋಲು ತಾ ಇಲ್ಲೆ.”

ನೀಲ್ಸ್ ಕೊಡಲಿಲ್ಲ. ಅವಳೇ ಹೋಗಿ ತೆಗೆದುಕೊಂಡಳು.

ಹೊದಿಕೆಯ ರವಿವಾರ

ಹೆಂಗಸರು ಹೊತ್ತು ಮೂಡುತ್ತಲೇ ಬಂದರು. ಕೆಲಸದ ಲಂಗ, ತಲೆಗೆ ವಸ್ತ್ರ, ಬಾಯಿ ತುಂಬ ನಗು. ನಾನು ನಾಚಿಕೆಯಿಂದ ಒಳಗೇ ನಿಂತಿದ್ದೆ. ಕಾರೆನವ್ವ ಅಂಗಳದ ನಡುವೆ ನಿಂತು ನೇರವಾಗಿ ಹೇಳಿದಳು: “ಹೊಸಾ ಹುಲ್ಲಿಲ್ಲ. ಕರೆ ನನ್ನಿಂದ ಹೋಗಿಲ್ಲ, ಆದ್ರ ನನ್ನ ಮನೀಂದ ಹೋಗೈತಿ. ಹಳೀ ಹುಲ್ಲ ಐತಿ, ಪಡಸಾಲಿ ಮ್ಯಾಲೆ. ಅದು ಸೋರಿಲ್ಲ, ಒಳಗ ಇನ್ನೂ ಗಟ್ಟಿ ಐತಿ. ಅದನ್ನ ಕಿತ್ತು ಒಲೀ ಕಡೀ ಭಾಗಕ್ಕ ಹೊದಸ್ರಿ.”

ಯಾರೂ ಏಣಿಗೆ ಕೈ ಹಚ್ಚಲಿಲ್ಲ. ಆ ಪಡಸಾಲೆಯಲ್ಲಿ ಅವರೆಲ್ಲ ಕುಣಿದವರು, ಮದುವೆಗಳಲ್ಲಿ ಹಾಡಿದವರು. ಅದರ ಕಿಟಕಿಯಲ್ಲಿ ಕೂತು ಅವಳು ಗಂಡನ ದೋಣಿಯ ದಾರಿ ನೋಡುತ್ತಿದ್ದದ್ದು ಊರಿಗೇ ಗೊತ್ತು. ಅವನು ತೀರಿಹೋಗಿ ಎಷ್ಟೋ ವರ್ಷಗಳಾದರೂ ಪಡಸಾಲೆಯ ನೆಲವನ್ನು ಅವಳು ದಿನವೂ ಉಜ್ಜುತ್ತಿದ್ದಳು. ಕೊನೆಗೆ ಅವಳೇ ಏಣಿ ಹತ್ತಿ, ಎರಡೂ ಕೈಯಿಂದ ಮೊದಲ ಹಿಡಿ ಕಿತ್ತು ಕೆಳಗೆ ಎಸೆದಳು. ಆಮೇಲೆ ಎಲ್ಲರೂ ಹತ್ತಿದರು.

ಗಂಡಸರಿಗೆ ಮಾಡು ಹತ್ತುವ ಅಪ್ಪಣೆಯಿಲ್ಲ. ನಮ್ಮವರನ್ನು ಕಾಫಿ ಕಾಸಲು ಕೂರಿಸಿದರು. ಹತ್ತಿಮತ್ತೂರಿನಲ್ಲಿ ಒಲೆಯ ಮುಖ ನೋಡದ ಮನುಷ್ಯ ಬೂದಿ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡರು. ನೀಲ್ಸ್ ಮೊದಲು ದೂರ ನಿಂತಿದ್ದವನು ಆಮೇಲೆ ತಾನಾಗಿ ಬಂದು ಹುಲ್ಲಿನ ಹೊರೆ ಏಣಿಗೆ ಕೊಡತೊಡಗಿದ. ನನ್ನನ್ನು ಹುರಿ ಹೊಸೆಯಲು ಹಚ್ಚಿದರು. ಹಗ್ಗ ಹೊಸೆದ ಕೈ ನನ್ನದು, ಬೇಗ ಪಳಗಿತು. “ಈಕಿ ನಮ್ಮಾಕಿನ” ಎಂದಳು ಪಕ್ಕದವಳು.

ಹಳೆಯ ಹುಲ್ಲು ಬಿಚ್ಚಿದಂತೆಲ್ಲ ಅದರೊಳಗಿಂದ ಏನೇನೋ ಉದುರುತ್ತಿತ್ತು. ಕಾಳಿನಂಥ ಚಿಪ್ಪುಗಳು, ಬಸವನಹುಳುವಿನ ಒಣಗಿದ ಮನೆಗಳು, ಸಣ್ಣ ನಕ್ಷತ್ರಮೀನು. ಕಡಲಿನಲ್ಲಿ ಈಗ ಇಲ್ಲದವೆಲ್ಲ ಆ ಮಾಡಿನಲ್ಲಿದ್ದವು. ಮಾಸ್ತರ ಮೊಣಕಾಲೂರಿ ತನ್ನ ಟೋಪಿಯಲ್ಲಿ ಅವನ್ನು ಆಯ್ದುಕೊಂಡ, ಶಾಲೆಯ ಮಕ್ಕಳಿಗೆ ತೋರಿಸಲಿಕ್ಕೆ. ನಾನು ಒಂದು ಚಿಪ್ಪನ್ನು ಕೇಳಿ ತೆಗೆದುಕೊಂಡೆ.

ಹೊತ್ತು ಇಳಿಯುವಾಗ ಮೂಡಣ ಭಾಗ ದಪ್ಪಗೆ ಹೊದ್ದು ನಿಂತಿತು. ಪಡುವಣ ಭಾಗದಲ್ಲಿ ಬರೀ ತೊಲೆಗಳು, ಮೇಲೆ ಆಕಾಶ. ಎಲ್ಲರೂ ಒಲೆಯ ಕೋಣೆಯಲ್ಲಿ ಒತ್ತೊತ್ತಾಗಿ ಕೂತು ನಮ್ಮವರ ಸೀದ ಕಾಫಿ ಕುಡಿಯುತ್ತಿರುವಾಗ ಮಳೆ ಬಂತು. ಎಲ್ಲರ ಕಣ್ಣು ಮೇಲಕ್ಕೆ ಹೋಯಿತು. ತಲೆಯ ಮೇಲೆ ಸದ್ದೇ ಇಲ್ಲ, ಒಂದು ಹನಿಯೂ ಇಳಿಯಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಕೇಳಿಸಿತು. ನಡುವಿನ ಬಾಗಿಲು ತೆರೆದೇ ಇತ್ತು. ಆಚೆ ಪಡಸಾಲೆಯಲ್ಲಿ, ಅವಳು ದಿನವೂ ಉಜ್ಜುತ್ತಿದ್ದ ಹಲಗೆಯ ನೆಲದ ಮೇಲೆ, ಮಳೆ ಧೋ ಎಂದು ಬೀಳುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿ ಅತ್ತುಬಿಟ್ಟೆ.

ಕಾರೆನವ್ವ ಎದ್ದು ಹೋಗಿ ಆ ಬಾಗಿಲನ್ನು ಹಾಕಿದಳು. ಚಿಲಕ ಬಿಗಿಯಾಗಿತ್ತು, ಹೆಗಲು ಕೊಟ್ಟು ನೂಕಬೇಕಾಯಿತು. ಬಂದು ನನ್ನ ಪಕ್ಕ ಕೂತು ಕಾಫಿಯ ಲೋಟವನ್ನು ನನ್ನ ಕೈಗಿಟ್ಟಳು.

“ಕುಡಿ ನನ್ನವ್ವ,” ಎಂದಳು, “ಆರಾಕತ್ತೈತಿ.”